ಹತ್ತು ಸೀಟಿಯ ಬೇಳೆ

ಮನುಷ್ಯನ ಮುಖಕ್ಕಿಂತ ಮೊದಲು ಅವನ ಚಪ್ಪಲಿ ನೋಡುವ ಚಟ ನನ್ನದು. ಮುಖ ಸುಳ್ಳು ಹೇಳಬಹುದು, ಚಪ್ಪಲಿಗೆ ಅಂಟಿದ ಕೆಸರು ಹೇಳುವುದಿಲ್ಲ. ಭಾಲ್ಕಿ ಹತ್ತಿರದ ಸೋಯಾ ಎಣ್ಣೆ ರಿಫೈನರಿಯಲ್ಲಿ ಕೊಳೆನೀರು ಶುದ್ಧ ಮಾಡುವ ಕೆಲಸಕ್ಕೆ ಸೇರಿದ ಮೇಲೆ ಈ ಚಟ ಇನ್ನೂ ಹೆಚ್ಚಾಯಿತು. ಚಿದ್ರಿಯ ನಮ್ಮ ಮನೆಗೆ ನೆಂಟರು ಬಂದರೂ ನನ್ನ ಕಣ್ಣು ಮೊದಲು ಬಾಗಿಲ ಹೊರಗೆ ಹೋಗುತ್ತಿತ್ತು. ಹೆಂಡತಿ ಬೈಯುತ್ತಿದ್ದಳು.

ಅವ್ವ ಇರುವುದು ಹಲಬರ್ಗಾ ಕಡೆಯ ಹೊಲದ ಮನೆಯಲ್ಲಿ, ಅಣ್ಣನ ಸಂಸಾರದ ಜೊತೆ. ನಮ್ಮ ಬಾವಿಗೂ ಕಾರ್ಖಾನೆಯ ಬೇಲಿಗೂ ನಡುವೆ ಇರುವುದು ಒಂದು ಕಾಲುದಾರಿ ಮಾತ್ರ. ಒಂದು ಭಾನುವಾರ ಊಟಕ್ಕೆ ಹೋದಾಗ ಕುಕ್ಕರು ಹತ್ತು ಸಲ ಸೀಟಿ ಕೂಗಿತು. ಆದರೂ ತೊಗರಿ ಬೇಳೆ ಹಲ್ಲಿಗೆ ಹರಳಿನ ಹಾಗೆ ಸಿಕ್ಕಿತು.

"ಮದಲ ಮೂರು ಸೀಟಿಗಿ ಬ್ಯಾಳಿ ಕರಗ್ತಿತ್ತು. ಬಾವಿ ನೀರ ಕೆಟ್ಟಾವ," ಎಂದಳು ಅವ್ವ. "ನಿಮ್ಮ ಫ್ಯಾಕ್ಟರಿಯವ್ರು ಏನರೆ ಬಿಡ್ಲತ್ತಾರೇನು?"

"ಇಲ್ಲವ್ವ. ಆ ನೀರು ನಾನೇ ಶುದ್ಧ ಮಾಡ್ತೇನಿ."

"ಹಂಗಾದ್ರ ಯಾರು ಕೆಡಸ್ಯಾರ, ಹುಡುಕು."

ಹುಡುಕುವ ಕೆಲಸ ಕೊಟ್ಟರೆ ನನಗೆ ಹಬ್ಬ. ಎಣ್ಣೆ ಶುದ್ಧವಾಗುವಾಗ ಸಾಬೂನಿನಂಥ ಗಸಿ ಉಳಿಯುತ್ತದೆ. ಅದಕ್ಕೆ ಆಸಿಡ್ ಹಾಕಿ ಉಳಿದ ಜಿಡ್ಡು ತೆಗೆದರೆ ಕೊನೆಗೆ ಉಳಿಯುವುದು ಹುಳಿ ನೀರು. ಆ ಹುಳಿ ಮುರಿದು, ಪಿಎಚ್ ಏಳಕ್ಕೆ ತಂದು, ಬೇಲಿಯ ಸಾಲು ಬೇವಿನ ಗಿಡಗಳಿಗೆ ಬಿಡುವುದು ನನ್ನ ಕೆಲಸ. ಅದನ್ನು ನಾನು ಒಂದು ದಿನವೂ ತಪ್ಪಿಸಿರಲಿಲ್ಲ. ಹಾಗಾದರೆ ನನ್ನ ಬೆನ್ನ ಹಿಂದೆ ಯಾರೋ ಹುಳಿ ನೀರನ್ನು ಹಾಗೇ ಬಿಡುತ್ತಿದ್ದಾರೆ ಎಂದು ಲೆಕ್ಕ ಹಾಕಿದೆ.

ಮೊದಲ ಅನುಮಾನ ನನ್ನ ನಂತರದ ಪಾಳಿಯವನ ಮೇಲೆ. ಮನೆಗೆ ಹೊರಡುವ ಮುನ್ನ ಹುಳಿ ನೀರು ಹೊರಗೆ ಬಿಡುವ ವಾಲ್ವಿನ ಹಿಡಿಕೆಗೆ ಒಂದು ಕಪ್ಪು ದಾರ ಕಟ್ಟಿ ಬಂದೆ. ಎಂಟು ದಿನ ನೋಡಿದೆ, ದಾರ ಹರಿಯಲಿಲ್ಲ. ಆಮೇಲೆ ಟ್ಯಾಂಕರ್ ಡ್ರೈವರ್. ಅವನು ನಮ್ಮಲ್ಲಿ ತೆಗೆದ ಜಿಡ್ಡನ್ನು ಔರಾದದ ಸಾಬೂನು ಮಾಡುವವರಿಗೆ ಒಯ್ಯುತ್ತಿದ್ದ. ಅವನ ಚಪ್ಪಲಿಗೆ ಯಾವಾಗಲೂ ಹಳ್ಳದ ಕರಿ ಕೆಸರು. ಜಿಡ್ಡಿನ ಜೊತೆ ಹುಳಿ ನೀರನ್ನೂ ಒಯ್ದು ಹಳ್ಳಕ್ಕೆ ಸುರಿಯುತ್ತಾನೆ, ಸಿಕ್ಕಿಬಿದ್ದ ಎಂದುಕೊಂಡು ಒಂದು ರಜೆಯ ದಿನ ಬೈಕಿನಲ್ಲಿ ಅವನ ಹಿಂದೆ ಬಿದ್ದೆ. ಅವನು ದಾರಿಯಲ್ಲಿ ಒಂದೇ ಕಡೆ ನಿಂತ. ಹಳ್ಳದ ದಂಡೆಯಲ್ಲಿ ಕೈಕಾಲು ತೊಳೆದು, ರೊಟ್ಟಿ ತಿಂದು, ಮತ್ತೆ ಹೊರಟ. ಔರಾದ ತಲುಪಿದ ಮೇಲೆ ಕೆಳಗಿಳಿದು ನೇರ ನನ್ನ ಹತ್ತಿರ ಬಂದ.

"ಭಾಲ್ಕಿಯಿಂದ ಬೆನ್ನ ಹತ್ತೀರಲ್ಲ ಸಾಹೇಬ್ರ, ನನ್ನ ಮ್ಯಾಲ ಏನರೆ ಶಕ್ ಅದ ಏನ್ರಿ?"

ನಾಚಿಕೆಯಿಂದ ಬೇಳೆಯ ಕಥೆ ಹೇಳಿಬಿಟ್ಟೆ. ಅವನು ನಕ್ಕು, ಸಾಬೂನು ಕಾಯಿಸುತ್ತಿದ್ದ ಮುದುಕನನ್ನು ಕರೆದ. ಮುದುಕ ಕೇಳಿ ತಲೆಯಾಡಿಸಿದ.

"ನೀರಾಗ ಸುಣ್ಣ ಕೂಡಿದ್ರ ಸಾಬೂನ ನೊರಿ ಬರಂಗಿಲ್ರಿ, ಬ್ಯಾಳಿನೂ ಬೇಯಂಗಿಲ್ಲ. ಯಾರೋ ಸುಣ್ಣ ಹಾಕ್ಲತ್ತಾರ, ನೋಡ್ರಿ."

ನಾನು ಕೆಳಗೆ ನೋಡಿದೆ. ನನ್ನ ಚಪ್ಪಲಿ ಬೆಳ್ಳಗಿತ್ತು. ಹುಳಿ ಮುರಿಯಲು ದಿನವೂ ಚೀಲಗಟ್ಟಲೆ ಸುಣ್ಣ ಸುರಿಯುತ್ತಿದ್ದವನು ನಾನೇ.

ಆದರೂ ನಂಬಲಿಲ್ಲ. ಮರುದಿನ ಪಿಎಚ್ ಸರಿಯಾಗಿ ಏಳು ತೋರಿಸಿದ ನೀರನ್ನು ಪ್ರಯೋಗಶಾಲೆಯ ಒಲೆಯ ಮೇಲಿಟ್ಟು ಒಂದು ಹಿಡಿ ಬೇಳೆ ಹಾಕಿದೆ. ಪಕ್ಕದ ಪಾತ್ರೆಯಲ್ಲಿ ಕುಡಿಯುವ ನೀರು, ಅಷ್ಟೇ ಬೇಳೆ. ಕುಡಿಯುವ ನೀರಿನದು ಬೆಂದು ಹಿಟ್ಟಾಯಿತು. ನನ್ನ ನೀರಿನದು ಮಧ್ಯಾಹ್ನದವರೆಗೆ ಕುದ್ದರೂ ಕಾಳು ಕಾಳಾಗಿಯೇ ಉಳಿಯಿತು. ಹುಳಿ ಮುರಿದಿತ್ತು, ಸುಣ್ಣ ನೀರಿನಲ್ಲೇ ಉಳಿದಿತ್ತು. ಎರಡೂ ಪಾತ್ರೆ ಹೊತ್ತು ಮ್ಯಾನೇಜರ ಕೋಣೆಗೆ ಹೋದೆ.

"ಪಿಎಚ್ ಏಳು ಬಂದದಿಲ್ಲೊ? ಮತ್ತೇನು ಬೇಕ್ರಿ ನಿಮಗ?" ಎಂದರು.

"ಏಳು ಬಂದದ ಸಾಹೇಬ್ರ. ಬ್ಯಾಳಿ ಬೆಂದಿಲ್ಲ. ಇದನ್ನೇ ಮಾಲಿನ್ಯ ಬೋರ್ಡಿನವ್ರಿಗಿ ತೋರಸ್ತೇನಿ."

ಅವರು ಒಂದು ಕಾಳು ಬಾಯಿಗೆ ಹಾಕಿ ಕಡಿದರು. ತಿಂಗಳೊಳಗೆ ಬೇವಿನ ಗಿಡಗಳಿಗೆ ನೀರು ಬಿಡುವುದು ನಿಂತಿತು. ಕೊಳೆನೀರಿನ ಹೊಂಡಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿದರು, ಆಸಿಡ್ ಕಡಿಮೆ ಮಾಡಿದರು, ನೀರನ್ನು ಒಳಗೇ ಆವಿ ಮಾಡಿ ಉಳಿದ ಉಪ್ಪನ್ನು ಚೀಲ ಕಟ್ಟಿ ಇಡಲು ಹೇಳಿದರು. ಬೇಳೆ ನೋಡಿ ಮನಸ್ಸು ಕರಗಿತೋ, ಬೋರ್ಡಿನ ಹೆಸರಿಗೆ ಹೆದರಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ಚೀಲಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಈಗ ನಾನೇ ಹಿಂದೆ ಹೋಗಿ ನೋಡುತ್ತೇನೆ.

ಆದರೆ ಬಾವಿ ಇನ್ನೂ ಸರಿಹೋಗಿಲ್ಲ. ನೆಲಕ್ಕೆ ಇಳಿದದ್ದು ಅಷ್ಟು ಬೇಗ ಬಿಡುವುದಿಲ್ಲವಂತೆ.

ನಿಜ ಹೇಳಲು ಹೋದ ದಿನ ಅವ್ವ ಅಡುಗೆಮನೆಯಲ್ಲಿದ್ದಳು.

"ಸಿಕ್ಕನೇನು ಅಂವ?"

"ನಾನೇ ಅವ್ವ."

ಅವಳು ಬೈಯಲಿಲ್ಲ. "ಕೂಡು," ಎಂದು ತಟ್ಟೆ ಇಟ್ಟು, ಬೇಯದ ಬೇಳೆಯನ್ನೇ ಬಡಿಸಿದಳು. ನಾನು ಕೊನೆಯ ಕಾಳಿನವರೆಗೂ ಅಗಿದೆ. ದವಡೆ ನೋಯಿತು. ಅವಳು ಎದುರಿಗೆ ಕೂತು ನೋಡಿದಳು.

ಈಗಲೂ ಭಾನುವಾರ ಹೋಗುತ್ತೇನೆ. ಅಣ್ಣ ಎಂಟು ಸೀಟಿಗೆ ಇಳಿದಿದೆ ಎನ್ನುತ್ತಾನೆ. ಅವ್ವ ಮಾತ್ರ ನಾನು ಬಾಗಿಲಿಗೆ ಬಂದಾಗ ಮುಖ ನೋಡುವುದಿಲ್ಲ. ಮೊದಲು ನನ್ನ ಚಪ್ಪಲಿ ನೋಡುತ್ತಾಳೆ.