ಮೊದಲ ಪ್ರಸಾದ ಮತ್ತು ಜಪಾನಿನ ದೊರೆಗಳು

ಸಾರು ಆರುವ ಮುನ್ನ ಭಾಷಣ ಮುಗಿಸಬೇಕು ಎಂದು ನನಗೆ ಮೊದಲೇ ತಾಕೀತು ಮಾಡಿದ್ದರು. ವೆಂಬ್ಲಿಯ ಶಾಲೆಯೊಂದರ ಹಾಲ್‌ನಲ್ಲಿ ನಮ್ಮ ಕುಂದಾಪುರದವರ ಚೌತಿ. ಪೂಜೆಗೂ ಊಟಕ್ಕೂ ನಡುವಿನ ಇಪ್ಪತ್ತು ನಿಮಿಷ ತುಂಬಿಸಲು ಯಾರಾದರೂ ಬೇಕಿತ್ತು, ನಾನು ಓದಿದವನೆಂಬ ವದಂತಿಯೂ ಇತ್ತು. ಊಳಿಗಮಾನ್ಯ ಪದ್ಧತಿ ಮುಗಿದ ಮೇಲೆ ಜಪಾನಿನ ದೊರೆಗಳು ಏನಾದರು ಎಂದು ಎಂ.ಎ.ಗೆ ಪ್ರಬಂಧ ಬರೆದಿದ್ದೆ. ಅದನ್ನು ಪೂರ್ತಿ ಓದಿದವರು ಇಬ್ಬರು. ಅವರಲ್ಲಿ ನಾನೂ ಒಬ್ಬನೋ ಅಲ್ಲವೋ ಖಚಿತವಿಲ್ಲ. ಹೊಟ್ಟೆಪಾಡಿಗೆ ಅಕ್ಸ್‌ಬ್ರಿಡ್ಜಿನ ಆಫೀಸೊಂದರಲ್ಲಿ ವಿಮೆಯ ಫೈಲು ನೋಡುತ್ತಿದ್ದೆ.

ಆ ದಿನದ ಬಗ್ಗೆ 2014ರ ಡೈರಿಯಲ್ಲಿ ಇರುವುದು ಒಂದೇ ಸಾಲು: ‘ಭಾಷಣ ಚೆನ್ನಾಗಿತ್ತು, ಪಾಯಸ ಸಾಲಲಿಲ್ಲ.’ ಮೊದಲರ್ಧ ಸುಳ್ಳು. ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ, ಮತ್ತು ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಮೊದಲ ಸಾಲಿನಲ್ಲಿ ದೊಡ್ಡಮಾವ, ಅಮ್ಮನ ಅಣ್ಣ, ಇಸ್ತ್ರಿ ಮಾಡಿದ ಶಾಲು ಹೊದ್ದು ಕೂತಿದ್ದರು. ಊರಿನಲ್ಲಿ ಅವರ ತಂದೆಯ ಗದ್ದೆ ಉಳುತ್ತಿದ್ದ ಒಕ್ಕಲು ಭೂಸುಧಾರಣೆಯ ಕಾಲಕ್ಕೆ ಉಳುವವನು ತಾನೆಂದು ಡಿಕ್ಲರೇಶನ್ ಕೊಟ್ಟು ಗದ್ದೆಗೆ ಒಡೆಯನಾದ. ಆ ಒಕ್ಕಲಿನ ಮಗನಿಗೆ ಈಗ ರೇನರ್ಸ್ ಲೇನ್‌ನಲ್ಲಿ ಹೋಟೆಲು. ದೊಡ್ಡಮಾವ ಅದೇ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ಕೂತಲ್ಲಿಂದಲೇ ನಮಸ್ಕಾರ ಸ್ವೀಕರಿಸುವುದು ಅವರಿಗೆ ರಕ್ತದಲ್ಲಿಯೇ ಬಂದ ಕಸುಬು, ಕೆಲಸ ಬದಲಾದದ್ದು ಅವರಿಗೆ ಗೊತ್ತಾಗಿತ್ತೋ ಇಲ್ಲವೋ. ಆದರೆ ಪ್ರತಿ ಚೌತಿಗೆ ಆ ಒಕ್ಕಲಿನ ಮಗ, ನಮಗೆಲ್ಲ ‘ಹೋಟೆಲಿನವರು’, ತಾವೇ ಪ್ರಸಾದದ ತಟ್ಟೆ ಹಿಡಿದು, ‘ಒಡೇರೇ, ಬನಿ’ ಎಂದು ಮೊದಲು ಕರೆಯುತ್ತಿದ್ದದ್ದು ದೊಡ್ಡಮಾವನನ್ನೇ. ಆ ಅರ್ಧ ನಿಮಿಷಕ್ಕಾಗಿ ಅವರು ವರ್ಷವಿಡೀ ಗಲ್ಲಾದಲ್ಲಿ ಚಿಲ್ಲರೆ ಎಣಿಸುತ್ತಿದ್ದರು.

ನಾನು ಶುರುಮಾಡಿದೆ. ಇನ್ನೂರೈವತ್ತಕ್ಕೂ ಹೆಚ್ಚು ದೊರೆಗಳಿದ್ದರು, ಒಂದು ದಿನ ಎಲ್ಲರ ಸೀಮೆಯನ್ನೂ ಸರ್ಕಾರ ತೆಗೆದುಕೊಂಡಿತು. ಯುದ್ಧವಾಗಲಿಲ್ಲ, ಸೀಮೆಯ ಜೊತೆ ಸಾಲವನ್ನೂ ಸರ್ಕಾರ ಹೊತ್ತುಕೊಂಡಿತೆಂದು ಕೆಲವರು ನೆಮ್ಮದಿಯ ಉಸಿರುಬಿಟ್ಟರು. ಟೋಕಿಯೋಗೆ ಬಂದು ಇರಿ ಎಂದಿತು, ಬಂದರು. ಸಭೆ ಆಕಳಿಸುತ್ತಿತ್ತು. ನಗಿಸಬೇಕೆನಿಸಿತು.

“ಆಮೇಲೆ ಬಿರುದು ಕೊಟ್ಟರು. ನೆಲಕ್ಕಿಂತ ಬಿರುದು ಸೋವಿ ನೋಡಿ, ನೀರು ಬೇಡ, ಗೊಬ್ಬರ ಬೇಡ. ಮುಂದಿನ ಸಾಲಿನಲ್ಲಿ ಕೂರಿಸಿ ನಮಸ್ಕಾರ ಮಾಡಿದರೆ ಮುಗಿಯಿತು.”

ಸಭೆ ನಕ್ಕಿತು. ನಕ್ಕವರು ಮೊದಲ ಸಾಲಿನತ್ತ ನೋಡಿದರು. ನಾನು ಜಪಾನಿನ ಬಗ್ಗೆ ಮಾತ್ರ ಹೇಳಿದ್ದೆ ಎಂದು ಇವತ್ತಿಗೂ ಹೇಳುತ್ತೇನೆ. ಯಾರೂ ಕೇಳದೆಯೇ ಹೇಳುತ್ತೇನೆ ಎಂಬುದೇ ಅನುಮಾನಕ್ಕೆ ಕಾರಣ.

ಮಂಗಳಾರತಿಯಾಯಿತು. ಹೋಟೆಲಿನವರು ತಟ್ಟೆ ಹಿಡಿದು, “ಒಡೇರೇ, ಬನಿ” ಎಂದರು. ದೊಡ್ಡಮಾವ ಏಳಲಿಲ್ಲ.

“ಬೇರೆ ಯಾರಿಗಾದ್ರೂ ಕೊಡು. ಸೋವಿದ್ದ್ ನಂಗ್ ಬೇಡ.”

“ಹೋಯ್, ಎಂತ ಮಾತಾಡ್ತ್ರಿ! ನಿಮ್ಗ್ ಕೊಡ್ದೆ ಉಳ್ದೋರಿಗ್ ಹ್ಯಾಂಗ್ ಕೊಡುದ್?”

ನೂರು ಜನ ತಟ್ಟೆ ಹಿಡಿದು ನಿಂತಿದ್ದರು. ಈ ಅಂಕಲ್‌ಗೆ ಹಸಿವಿಲ್ಲವಾ ಎಂದು ಮಗುವೊಂದು ಇಂಗ್ಲಿಷಿನಲ್ಲಿ ಕೇಳಿತು. ಹೋಟೆಲಿನವರು ನನ್ನ ಬಳಿ ಬಂದರು.

“ಕೆಡ್ಸಿದ್ದ್ ನೀನ್, ಸರಿ ಮಾಡ್ ಮಾರಾಯ. ನಮ್ಮಪ್ಪ ಡಿಕ್ಲರೇಶನ್ ಕೊಟ್ಟಾಗ ಇವ್ರಪ್ಪಯ್ಯ ಒಂದ್ ಮಾತ್ ಬೈಲಿಲ್ಲ. ಇವ್ರ್ ತಕಣ್ದೇ ನಾನ್ ಊಟ ಬಡ್ಸುದಿಲ್ಲ.”

ಮತ್ತೆ ಮೈಕ್ ಹಿಡಿದೆ. “ಒಂದು ಮಾತು ಬಿಟ್ಟುಹೋಗಿತ್ತು. ಕೆಲವು ಊರುಗಳಲ್ಲಿ ಈಗಲೂ ಹಬ್ಬಕ್ಕೆ ಹಳೆಯ ದೊರೆಯ ಮರಿಮಗನನ್ನು ಟೋಕಿಯೋದಿಂದ ಕರೆಸುತ್ತಾರೆ. ಅವನು ಯಾವುದೋ ಆಫೀಸಿನ ಗುಮಾಸ್ತ. ಊರಿನವರು ದೊರೆ ಎಂದೇ ಕರೆದು ಮೆರವಣಿಗೆಯ ಮುಂದೆ ನಡೆಸುತ್ತಾರೆ. ಹಾಗೆ ಮಾಡಿ ಎಂದು ಯಾವ ಸರ್ಕಾರವೂ ಹೇಳಿಲ್ಲ.”

ದೊಡ್ಡಮಾವ ಒಂದು ಕ್ಷಣ ನನ್ನನ್ನೇ ನೋಡಿದರು. ಶಾಲು ಸರಿಮಾಡಿಕೊಂಡು ಎದ್ದರು, ಎರಡೂ ಕೈ ಚಾಚಿ ಪ್ರಸಾದ ತೆಗೆದುಕೊಂಡರು. ಸಾಲು ಮುಂದಕ್ಕೆ ನುಗ್ಗಿತು.

ಆ ಮರಿಮಗನ ಕಥೆಯನ್ನು ಎಲ್ಲೋ ಓದಿದ್ದೆನೋ, ಆ ನಿಮಿಷಕ್ಕೆ ಕಟ್ಟಿದೆನೋ ಗೊತ್ತಿಲ್ಲ. ಆಮೇಲೆ ಪ್ರಬಂಧ ತೆಗೆದು ಹುಡುಕಿದೆ, ಅದರಲ್ಲಿಲ್ಲ.

ಊಟಕ್ಕೆ ಕೂತಾಗ ದೊಡ್ಡಮಾವ ಬಾಗಿ ಪಿಸುಗುಟ್ಟಿದರು.

“ಕಡೆಗ್ ಹೇಳಿದ್ದ್ ಸುಳ್ಳಲ್ದಾ?”

“ಗೊತ್ತಿಲ್ಲ ಮಾವ.”

“ಇರ್ಲಿ” ಎಂದರು. “ಬಪ್ಪ ವರ್ಷ ಅದನ್ನೇ ಮೊದಲ್ ಹೇಳ್.”