ಗೌರಿಯ ಕೈಯೂ ಕಪ್ಪು ವಯರೂ

ಗಣಪತಿ ಹಬ್ಬ ಹತ್ತಿರ ಬಂತೆಂದು ಮನೆ ಝಾಡಿಸುವಾಗ ಕಪಾಟಿನ ತಲೆಯ ಮೇಲಿಂದ ಒಂದು ಬೂಟಿನ ಡಬ್ಬಿ ಕೈಗೆ ಬಂತು. ಒಳಗೆ ನನ್ನ ಕಾಲೇಜು ದಿನಗಳ ಮೈಕ್ರೋಕಂಟ್ರೋಲರ್ ಬೋರ್ಡು, ಇಸ್ಪೀಟಿನ ಎಲೆಯಷ್ಟಗಲದ ನೀಲಿ ಹಲಗೆ. ಜೊತೆಗೆ ಎರಡು ಸರ್ವೋ ಮೋಟಾರು. ಹೆಸರು ಕೇಳಿ ಗಾಬರಿಯಾಗಬೇಡಿ. ಸಾಮಾನ್ಯ ಮೋಟಾರು ಕರೆಂಟು ಕೊಟ್ಟರೆ ಗಿರಗಿರ ತಿರುಗುತ್ತಲೇ ಇರುತ್ತದೆ. ಸರ್ವೋ ಹಾಗಲ್ಲ, ಬೋರ್ಡು ಎಷ್ಟು ತಿರುಗು ಎನ್ನುತ್ತದೋ ಅಷ್ಟೇ ತಿರುಗಿ ಅಲ್ಲೇ ನಿಲ್ಲುತ್ತದೆ. ನಮ್ಮ ಮನೆತನದಲ್ಲಿ ಹೇಳಿದಷ್ಟೇ ಮಾಡಿದ್ದು ಬಹುಶಃ ಅದೊಂದೇ. ಧೂಳು ಉದುರಲೆಂದು ಬೋರ್ಡನ್ನು ತಲೆಕೆಳಗು ಮಾಡಿದರೆ ಪಿನ್ನಿನ ತೂತುಗಳಿಂದ ಕೆಂಪು ಪುಡಿ ಅಂಗೈ ಮೇಲೆ ಬಿತ್ತು. ಕುಂಕುಮ. ನಾನು ಸ್ಟೂಲಿನ ಮೇಲೆ ಕೂತು ಒಬ್ಬಳೇ ನಗತೊಡಗಿದೆ.

ಮುಂದೆ ಹೇಳುವುದನ್ನು ಪೂರ್ತಿ ನಂಬಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ದಿನಚರಿಯಲ್ಲಿ ಆ ಕುಂಕುಮ ಬಿದ್ದ ದಿನದ ಪುಟದಲ್ಲಿರುವುದು ಒಂದು ಸರ್ಕಿಟ್ಟಿನ ಚಿತ್ರ ಮತ್ತು ‘ಹೋಳಿಗೆ ಜಾಸ್ತಿ ಆಯಿತು’ ಎಂಬ ಸಾಲು. ಉಳಿದದ್ದೆಲ್ಲ ತಲೆಯಿಂದ ತೆಗೆದದ್ದು, ನನ್ನ ತಲೆಗೆ ಬಣ್ಣ ಬಳಿಯುವ ಚಟವಿದೆ.

ನಾನಾಗ ಚಿಕ್ಕೋಡಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಶನಿವಾರ ಬಂದರೆ ಬಸ್ಸು ಹಿಡಿದು ನಿಪ್ಪಾಣಿಯ ಮಾವಶಿಯ ಮನೆಗೆ. ಮಾವಶಿ ಎಂದರೆ ಅವ್ವನ ಅಕ್ಕ. ಗಣಪತಿ ಕೂತ ಮೇಲೆ, ಆ ಕಡೆಯ ರೂಢಿಯಂತೆ, ಅವಳ ಮನೆಗೆ ಗೌರಿ ತವರಿಗೆ ಬರುತ್ತಿದ್ದಳು. ಕಬ್ಬಿಣದ ಸ್ಟ್ಯಾಂಡಿಗೆ ಇಳಕಲ್ ಸೀರೆ ಉಡಿಸಿ, ಮೇಲೆ ಹಿತ್ತಾಳೆಯ ಮುಖವಿಟ್ಟು, ಎದುರಿಗೆ ಚಕ್ಕುಲಿ, ಕರ್ಚಿಕಾಯಿ, ಉಂಡಿಗಳ ರಾಶಿ ಜೋಡಿಸಿದರೆ ಸಂಜೆ ಓಣಿಯ ಹೆಂಗಸರೆಲ್ಲ ಅರಿಷಿಣ-ಕುಂಕುಮಕ್ಕೆ ಬರುತ್ತಿದ್ದರು. ಬಟ್ಟಲು ಹಿಡಿದು ನಿಂತ ಮಾವಶಿ ಒಬ್ಬೊಬ್ಬರ ಹಣೆಗೆ ಕುಂಕುಮ ಹಚ್ಚುತ್ತ, ಪ್ರತಿಯೊಬ್ಬರ ಕಾಲು ಎಳೆಯುತ್ತ ಮೆರೆಯುತ್ತಿದ್ದಳು. ವರ್ಷವಿಡೀ ಅವಳು ಕಾಯುತ್ತಿದ್ದುದು ಗೌರಿಗಲ್ಲ, ಆ ಸಂಜೆಗೆ ಎಂದು ನನ್ನ ಅನುಮಾನ.

ಕಾಕಾ, ಅಂದರೆ ಮಾವಶಿಯ ಗಂಡ, ತೀರಿಕೊಂಡ ವರ್ಷ ಗೌರಿ ಬಂದಾಗ ಮಾವಶಿ ಅಡುಗೆಮನೆ ಸೇರಿದಳು. ಗಂಡನಿಲ್ಲದವಳು ಮುತ್ತೈದೆಯರಿಗೆ ಕುಂಕುಮ ಕೊಡುವಂತಿಲ್ಲ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಪಕ್ಕದ ಮನೆಯ ಇಂದೂಕಾಕು ಬಟ್ಟಲು ಹಿಡಿದರು. ಅವರು ಓಣಿಯ ರೀತಿ-ರಿವಾಜಿಗೆಲ್ಲ ಹೈಕೋರ್ಟು. ಅವರು ಸರಿ ಎಂದರೆ ಸರಿ. ಒಳಗೆ ಹೋಳಿಗೆ ಬೇಯಿಸುತ್ತಿದ್ದ ಮಾವಶಿಗೆ ಪಡಸಾಲೆಯ ನಗು ಮಾತ್ರ ಕೇಳಿಸಿತು. ಮರುವರ್ಷ ಹಬ್ಬ ಬಂದಾಗ ಅವಳು, ಇನ್ನು ಗೌರಿಯನ್ನು ತರುವುದಿಲ್ಲ, ಸ್ಟ್ಯಾಂಡು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದಳು.

ನಾನು ನೆಲದ ಮೇಲೆ ಬೋರ್ಡು ಹರಡಿಕೊಂಡು, ಸರ್ವೋಗೆ ಐಸ್‌ಕ್ರೀಮಿನ ಕಡ್ಡಿ ಕಟ್ಟಿ ಎತ್ತಿಸಿ ಇಳಿಸುತ್ತಿದ್ದೆ. ಕಾಲೇಜಿನಲ್ಲಿ ಅದು ಪ್ರಾಜೆಕ್ಟು, ನಿಪ್ಪಾಣಿಯಲ್ಲಿ ಆಟಿಕೆ. ಸ್ಟ್ಯಾಂಡು ಒರೆಸುತ್ತಿದ್ದ ಮಾವಶಿ ಕಡ್ಡಿಯನ್ನೇ ನೋಡುತ್ತ ನಿಂತಳು.

“ಇದು ಗೌರಿ ಕೈ ಎತ್ತತೈತೇನ ಬಾಳಾ?”

ಯಾಕೆ ಎಂದೆ.

“ಅಕೀನ ಕೊಡಲಿ ಕುಂಕುಮ. ಅಕಿ ಗಂಡ ಅಂತೂ ಗಟ್ಟಿ ಅದಾನ.”

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ ನಕ್ಕಿದ್ದನ್ನು ಮರೆತು ಕೆಲಸಕ್ಕಿಳಿದೆವು. ಥರ್ಮಾಕೋಲಿನ ಕೈ ಕೆತ್ತಿ, ಮೊಣಕೈಗೊಂದು ದೊಡ್ಡ ಸರ್ವೋ, ಮಣಿಕಟ್ಟಿಗೊಂದು ಚಿಕ್ಕದು ಕೂರಿಸಿದೆ. ಅಂಗೈ ಮೇಲೆ ಕುಂಕುಮದ ಬಟ್ಟಲು. ಬೋರ್ಡು ಗೌರಿಯ ಪಾದದ ಬಳಿ, ಸೀರೆಯ ನಿರಿಗೆಯ ಮರೆಯಲ್ಲಿ. ಎದುರಿನ ಮಣೆಯ ಕೆಳಗೊಂದು ಸ್ವಿಚ್ಚು. ಬಂದವರು ಮಣೆಯ ಮೇಲೆ ಕೂತರೆ ಗೌರಿ ಕೈ ಮುಂದೆ ಚಾಚಬೇಕು, ಅವರು ಚಿಟಿಕೆ ತೆಗೆದು ತಾವೇ ಹಚ್ಚಿಕೊಳ್ಳಬೇಕು, ಕೈ ಹಿಂದೆ ಸರಿಯಬೇಕು. ಮಾವಶಿ ಫಳಾರದ ತಾಟು ಹಿಡಿದು ಪಕ್ಕದಲ್ಲಿ ಕೂತು ಬೇಕಾದಷ್ಟು ಮಾತಾಡಬಹುದು. ಫಳಾರ ಕೊಡಬೇಡ ಎಂಬ ಕಾನೂನಂತೂ ಇಲ್ಲ.

ತಪ್ಪು ಮಾಡಿದ್ದು ನಾನು. ಎರಡೂ ಮೋಟಾರಿನ ಕೆಂಪು ವಯರನ್ನು ನೇರವಾಗಿ ಬೋರ್ಡಿನ ಐದು ವೋಲ್ಟಿನ ಪಿನ್ನಿಗೇ ಚುಚ್ಚಿದೆ. ಹೊಲದ ಮನೆಯಲ್ಲಿ ಪಂಪು ಚಾಲೂ ಮಾಡಿದ ಕೂಡಲೇ ಬಲ್ಬು ಮಂಕಾಗುವುದನ್ನು ನೀವು ನೋಡಿರಬೇಕು. ಇಲ್ಲೂ ಅದೇ. ಮೋಟಾರುಗಳು ಎದ್ದೇಳುವಾಗ ಗಟಗಟ ಕರೆಂಟು ಕುಡಿದವು, ಬೋರ್ಡಿಗೆ ಚಕ್ಕರ್ ಬಂತು. ಮರುಕ್ಷಣ ಎಚ್ಚರವಾಗಿ, ಹಿಂದಿನದೇನೂ ನೆನಪಿಲ್ಲದೆ ಮೊದಲಿನಿಂದ ಶುರು ಮಾಡಿತು, ಮತ್ತೆ ಚಕ್ಕರ್. ಗೌರಿ ಸೊಳ್ಳೆ ಹೊಡೆಯುವವಳಂತೆ ಕೈ ಬೀಸತೊಡಗಿದಳು. ನಾನು ಪ್ರೋಗ್ರಾಮಿನದೇ ತಪ್ಪೆಂದು ದಿನವಿಡೀ ಅದನ್ನೇ ತಿದ್ದಿದೆ. ತಿದ್ದಿದಷ್ಟೂ ಹೊಡೆತ ಜೋರಾಯಿತು.

“ಇಕಿ ಆಶೀರ್ವಾದ ಮಾಡಾಕತ್ತಾಳೋ, ಹೊಡ್ಯಾಕ ಬರಾಕತ್ತಾಳೋ, ಅದರ ಹೇಳ,” ಎಂದು ಮಾವಶಿ ಗೋಡೆಗೆ ಒರಗಿ ನಕ್ಕಳು. ಕಾಕಾ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಗೌರಿ ಇನ್ನಷ್ಟು ಹೊತ್ತು ಕೆಟ್ಟೇ ಇರಲಿ ಎನಿಸಿತು.

ಕಡೆಗೆ ಬುದ್ಧಿ ಬಂತು. ಬೋರ್ಡಿನ ಕೆಲಸ ಅಪ್ಪಣೆ ಕೊಡುವುದು, ಅನ್ನ ಹಾಕುವುದಲ್ಲ. ಮನೆಯಲ್ಲಿ ಮೂಲೆ ಸೇರಿದ್ದ ಹಳೆಯ ಇಂಟರ್ನೆಟ್ ಡಬ್ಬಿಯ ಅಡಾಪ್ಟರು ಐದು ವೋಲ್ಟಿನದೇ ಇತ್ತು. ಮೋಟಾರುಗಳಿಗೆ ಅದನ್ನು ಕೊಟ್ಟೆ, ಬೋರ್ಡಿಗೆ ಲ್ಯಾಪ್‌ಟಾಪು. ಆದರೆ ಒಂದು ಷರತ್ತು: ಅಡಾಪ್ಟರಿನ ಕಪ್ಪು ವಯರು ಬೋರ್ಡಿನ ಗ್ರೌಂಡ್ ಪಿನ್ನಿಗೂ ಸೇರಬೇಕು. ಬೋರ್ಡೂ ಮೋಟಾರೂ ಒಂದೇ ನೆಲದ ಮೇಲೆ ನಿಂತರೆ ತಾನೇ ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದು? ಸೇರಿಸಿದೆ. ಗೌರಿ ಹೊಸ ಸೊಸೆಯಂತೆ ನಯವಾಗಿ ಕೈ ಚಾಚಿದಳು. ಹೂ ಕೊಡಲು ಬಂದಿದ್ದ ಇಂದೂಕಾಕು ಕೂಡ ಬಗ್ಗಿ ನೋಡಿದರು.

ಆಗಲೇ ಇರಬೇಕು, ಹಸಿರು ಬಳೆಯ ಒಂದು ಕೈ ಆ ಕಪ್ಪು ವಯರನ್ನು ಮುಟ್ಟಿ ತೋರಿಸಿದ್ದು. ಇದನ್ನು ತೆಗೆದರೆ ಏನಾಗುತ್ತದೆ ಎಂದು ಮಾವಶಿ ಕೇಳಿದಳು. ಗೌರಿಗೆ ಮತ್ತೆ ಹುಚ್ಚು ಹಿಡಿಯುತ್ತದೆ ಎಂದೆ. ಕೈ, ಬಳೆ, ವಯರು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿವೆ.

ಅರಿಷಿಣ-ಕುಂಕುಮದ ಸಂಜೆ ಓಣಿಯೇ ಬಂತು. ಮಣೆಯ ಮೇಲೆ ಕೂತವರು ಕೈ ಮುಂದೆ ಬಂದ ಕೂಡಲೇ ಬೆಚ್ಚಿ, ನಕ್ಕು, ಚಿಟಿಕೆ ತೆಗೆದು ಹಚ್ಚಿಕೊಂಡು, ಮತ್ತೆ ಸಾಲಿನ ಹಿಂದೆ ಹೋಗಿ ನಿಂತರು. ಕಬ್ಬೂರಿನಿಂದ ಬಂದ ಒಬ್ಬ ಅಜ್ಜಿ ನನಗೂ ನಮಸ್ಕಾರ ಮಾಡಿದಳು. ನಾನು ಸಂಕೋಚವಿಲ್ಲದೆ ಸ್ವೀಕರಿಸಿದೆ. ಮಾವಶಿ ಮಾತ್ರ ತಾಟು ಹಿಡಿದು ಗೌರಿಯ ಪಕ್ಕದಲ್ಲಿ ಅತಿಥಿಯಂತೆ ಕೂತಿದ್ದಳು. ಎಲ್ಲರೂ ಗೌರಿಯ ಕೈ ನೋಡುತ್ತಿದ್ದರು. ಇವಳ ಜೊತೆ ಹರಟುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಆಗ ಇಂದೂಕಾಕು ಮಣೆಯ ಮೇಲೆ ಕೂತರು. ಕೈ ಮುಂದೆ ಬಂತು. ಅವರು ಗೌರಿಯ ಪಾದಕ್ಕೆ ಬಾಗಿದರು. ಕೈ ಗಡಗಡ ನಡುಗಿ, ಮೇಲೆ ಹಾರಿ, ಬಟ್ಟಲನ್ನು ಪಡಸಾಲೆಯ ಉದ್ದಗಲಕ್ಕೂ ಬೀಸಿತು. ಚಕ್ಕುಲಿ ಕೆಂಪು, ನನ್ನ ಕೂದಲು ಕೆಂಪು, ಇಂದೂಕಾಕು ಅವರ ಮೂಗು ಕೆಂಪು. ನಾನು ಹಾರಿ ಪ್ಲಗ್ಗು ಕಿತ್ತೆ, ನೋಡಿದರೆ ಕಪ್ಪು ವಯರು ಬೋರ್ಡಿನಿಂದ ಕಳಚಿ ಬಿದ್ದಿತ್ತು. ನಗುತ್ತಿದ್ದ ಜನ ಒಮ್ಮೆಲೆ ಗೌರಿಯ ಪಕ್ಕಕ್ಕೆ ತಿರುಗಿದರು. ಮಾವಶಿಯ ಹಣೆ ತುಂಬ ಕುಂಕುಮ. ಅವಳು ಗಡಬಡಿಸಿ ತಾಟು ಕೆಳಗಿಟ್ಟು ಸೆರಗು ಎತ್ತಿದಳು. ಇಂದೂಕಾಕು ಆ ಕೈ ಹಿಡಿದರು.

“ಇರಲಿ ಬಿಡವಾ. ಗೌರೀನ ಹಚ್ಚ್ಯಾಳ. ಒರಸಾಕ ನೀ ಯಾರು?” ಎಂದು ಖಾಲಿ ಬಟ್ಟಲನ್ನು ಅವಳ ಕೈಗಿಟ್ಟರು. “ಹೋಗ, ತುಂಬ್ಕೊಂಡ ಬಾ. ಮಂದಿ ನಿಂತಾರ.”

ಮಾವಶಿ ತುಂಬಿಕೊಂಡು ಬಂದಳು. ಮೊದಲು ಹಣೆ ಚಾಚಿದ್ದು ಇಂದೂಕಾಕು. ಹೈಕೋರ್ಟೇ ಚಾಚಿದ ಮೇಲೆ ಉಳಿದವರೂ ಚಾಚಿದರು. ಒಬ್ಬಿಬ್ಬರು ಸುಮ್ಮನೆ ಹೊರಗೆ ಸರಿದರೋ ಏನೋ. ನನ್ನ ನೆನಪು ಅವರನ್ನು ಅಳಿಸಿಹಾಕಿರಬಹುದು. ಮುಂದಿನ ವರ್ಷದಿಂದ ಗೌರಿಗೆ ಮೋಟಾರು ಬೇಕಾಗಲಿಲ್ಲ. ಸ್ಟ್ಯಾಂಡು ಮನೆಯಲ್ಲೇ ಉಳಿಯಿತು, ಡಬ್ಬಿ ನನ್ನ ಪಾಲಿಗೆ ಬಂತು.

ಈಗ ಅಥಣಿಯಲ್ಲಿ ಡಿಪ್ಲೊಮಾ ಓದುವವರಿಗೆ ಪಾಠ ಮಾಡುವ ನಾನು ಪ್ರತಿವರ್ಷ ಈ ಕಥೆ ಹೇಳುತ್ತೇನೆ. ಗ್ರೌಂಡ್ ವಯರು ಸಡಿಲಿದ್ದರೆ ದೇವರ ಕೈಯೂ ನಡುಗುತ್ತದೆ, ನೋಡಿ ನನ್ನ ಅವಮಾನ, ಎಂದು.

ಇವತ್ತು ಸುಮ್ಮನಿರಲಾರದೆ ಎಲ್ಲವನ್ನೂ ಮತ್ತೆ ಜೋಡಿಸಿದೆ. ಮೋಟಾರು ನಯವಾಗಿ ಹೋಗಿ ಬಂತು. ಟೇಬಲ್ಲು ಅಲುಗಿಸಿದೆ, ಬೋರ್ಡು ಕುಲುಕಿದೆ. ಕಪ್ಪು ವಯರು ಜಗ್ಗಲಿಲ್ಲ. ಆ ತೂತು ಎಷ್ಟು ಬಿಗಿಯೆಂದರೆ ಹಲ್ಲು ಕಚ್ಚಿ ಎಳೆಯಬೇಕಾಯಿತು. ತಾನಾಗಿ ಬರುವ ವಯರಲ್ಲ ಅದು. ಕೂಡಲೇ ನಿಪ್ಪಾಣಿಗೆ ಫೋನು ಹಚ್ಚಿ, ಮಾವಶಿ, ಅವತ್ತು ವಯರು ಕಿತ್ತದ್ದು ನೀನೇ ಅಲ್ಲವೇ ಎಂದೆ. ಅತ್ತಲಿಂದ ಬಹಳ ಹೊತ್ತು ನಗು ಮಾತ್ರ ಬಂತು.

“ನನ್ನ ಎರಡೂ ಕೈಯಾಗ ತಾಟ ಇತ್ತಲ್ಲ ಬಾಳಾ, ನಾ ಹೆಂಗ ಕೀಳಲಿ? ಆ ವಾಯರ್ ಯಾವ್ದಂತ ನಿನ್ನ ಕೇಳಿದಾಕಿ ಯಾರು, ನೆನಪ ಮಾಡ್ಕೊ.”

ಕಣ್ಣು ಮುಚ್ಚಿದೆ. ಅದೇ ಕೈ, ಅದೇ ಹಸಿರು ಬಳೆ. ಆ ವರ್ಷ ಮಾವಶಿಯ ಕೈಯಲ್ಲಿ ಗಾಜಿನ ಬಳೆ ಎಲ್ಲಿತ್ತು? ಕಾಕಾನ ಜೊತೆಗೇ ಹೋಗಿತ್ತಲ್ಲ. ಕೇಳಿದವರು ಇಂದೂಕಾಕು. ಬಾಗಿದವರು ಇಂದೂಕಾಕು. ನಾನು ಇಷ್ಟು ವರ್ಷ ಕೈ ನೋಡಿದೆ, ಬಳೆ ನೋಡಿದೆ, ಯಾರದೆಂದು ನೋಡಲಿಲ್ಲ.

ಈ ಬಗ್ಗೆ ಅವರು ನಿನಗೇನಾದರೂ ಹೇಳಿದ್ದಾರೆಯೇ ಎಂದೆ.

“ಅಕಿ ಎಲ್ಲಿ ಹೇಳ್ತಾಳ. ನಾನೂ ಕೇಳಿಲ್ಲ. ಇಬ್ಬರೂ ಇನ್ನಾ ಗೌರೀನ ಮಾಡ್ಯಾಳಂತನ ಅಂತೀವಿ.”

ಫೋನಿಟ್ಟು, ಅಂಗೈಯಲ್ಲಿ ಉಳಿದಿದ್ದ ಕೆಂಪನ್ನು ಹಣೆಗೊಂದಿಷ್ಟು ಒತ್ತಿಕೊಂಡು, ಕಪ್ಪು ವಯರನ್ನು ಮತ್ತೆ ಅದರ ತೂತಿಗೆ ಸೇರಿಸಿದೆ. ಸೋಮವಾರ ತರಗತಿಯಲ್ಲಿ ಅದೇ ಪಾಠವಿದೆ. ಸಡಿಲ ವಯರಿಗೆ ಬೇರೆ ಉದಾಹರಣೆ ಹುಡುಕಬೇಕು. ನನ್ನ ಜೋಡಣೆ ಗಟ್ಟಿಯಾಗಿಯೇ ಇತ್ತು.