ಅವ್ವ ಎತ್ತಿಕೊಳ್ಳದ ಸಾಲು

ಹುಮನಾಬಾದಿನ ನಮ್ಮ ಓಣಿಯಲ್ಲಿ ಸೋಮವಾರ ಸಂಜೆ ಹೆಂಗಸರ ಭಜನೆ. ಮುಂದೆ ಹಾರ್ಮೋನಿಯಂ ಪೇಟಿ ಹಿಡಿದು ಕೂತವಳು ವಚನದ ಒಂದು ಸಾಲು ಹಾಡುತ್ತಾಳೆ, ಹಿಂದಿನವರೆಲ್ಲ ಅದನ್ನು ಎತ್ತಿಕೊಂಡು ತಿರುಗಿ ಹಾಡುತ್ತಾರೆ. ಪದ್ಧತಿ ಇಷ್ಟೇ. ನನ್ನ ಅವ್ವ ಮದುವೆಯಾಗಿ ಬಂದಾಗಿನಿಂದ ಹಿಂದೆ ಕೂತು ಎತ್ತಿಕೊಳ್ಳುವವಳು. ಅವಳದು ದಪ್ಪ ದನಿ, ಶ್ರುತಿಗೂ ಅವಳಿಗೂ ಅಷ್ಟಕ್ಕಷ್ಟೆ. ಆದರೆ ವಾರವಿಡೀ ಅಂಗಡಿ, ಅಡುಗೆ ಎಂದು ತುಟಿ ಬಿಚ್ಚದೆ ದುಡಿಯುವ ಹೆಂಗಸು ಆ ಒಂದು ಸಂಜೆ ಬಾಯಿ ತುಂಬ ಹಾಡುತ್ತಿದ್ದಳು.

ನನಗೆ ಮುಂದೆ ಕೂರುವ ಆಸೆ. ಅದಕ್ಕೇ ಭಾನುವಾರ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಸಂಗೀತ ಕಲಿಯಲು ಹೋಗುತ್ತಿದ್ದೆ. ಅಲ್ಲಿನ ಮಾಸ್ತರರು ಮುಂಗೋಪಿ. ಅವರು ಯಾರನ್ನಾದರೂ ಹೊಗಳಿದ್ದನ್ನು ನಾವು ಕೇಳಿಲ್ಲ. ಸ್ವರ ತಪ್ಪಿದರೆ ಮಾತಿಲ್ಲದೆ ಎದ್ದು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ನಾವು ಒಳಗೆ ಬೆವರಬೇಕು. ಅವರಿಂದ ಒಂದು ಶಾಭಾಷ್ ಗಿಟ್ಟಿಸಲೇಬೇಕೆಂದು ನಾನು ಮೊಬೈಲಿನಲ್ಲಿ ದೊಡ್ಡ ದೊಡ್ಡವರ ತಾನಗಳನ್ನು ಕೇಳಿ ಕೇಳಿ ಗಂಟಲಿಗೆ ಹತ್ತಿಸಿಕೊಂಡೆ.

ಮುಂದೆ ಕೂರುವ ಸರದಿ ಕೊನೆಗೂ ಬಂದಾಗ ಮಾಸ್ತರರನ್ನು ಭಜನೆಗೆ ಕರೆದೆ. ಬರಲಾರರು ಎಂದುಕೊಂಡಿದ್ದೆ, ಬಂದರು. ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತರು. ನಾನು ಇಳಕಲ್ ಸೀರೆ ಉಟ್ಟು, ಕಣ್ಣು ಮುಚ್ಚಿ ಸುರು ಮಾಡಿದೆ. ಸಾಲಿನ ಕೊನೆಗೆ ಒಂದು ತಾನ, ಆ ತಾನದ ಬಾಲಕ್ಕೆ ಇನ್ನೊಂದು. ಪ್ರತಿ ಸಲ ಬೇರೆ ಬೇರೆ. ಹಿಂದಿನ ದನಿಗಳು ಒಂದೊಂದಾಗಿ ನಿಂತವು. ಅದು ನನಗೆ ತಿಳಿಯಲಿಲ್ಲ ಎಂದರೆ ಸುಳ್ಳಾದೀತು. ತಿಳಿಯಿತು. ಎಲ್ಲರೂ ಮೈಮರೆತು ಕೇಳುತ್ತಿದ್ದಾರೆಂದು ಉಬ್ಬಿಹೋದೆ.

ಯಾರೋ ಪೇಟಿಯ ಮೇಲೆ ಕೈ ಇಟ್ಟರು. ಕಣ್ಣು ತೆರೆದರೆ ಮಾಸ್ತರರು. ಭಜನೆಯನ್ನು ನಡುವೆ ತಡೆಯುವ ಕೆಲಸ ನಮ್ಮಲ್ಲಿ ಯಾರೂ ಮಾಡುವುದಿಲ್ಲ.

"ಯಾರ ಸಂಗಟ ಹಾಡಾಕತ್ತಿ?" ಎಂದರು.

ಅವರು ಹಿಂದೆ ತಿರುಗಿ, ಕೈಗೆ ಹತ್ತಿರವಾಗಿ ಕೂತಿದ್ದ ಅವ್ವನನ್ನು, ಅವಳು ಯಾರೆಂದು ತಿಳಿಯದೆಯೇ, ಯಾಕೆ ಹಾಡುವುದನ್ನು ಬಿಟ್ಟಿರೆಂದು ಕೇಳಿದರು. ಅವ್ವ ಸೆರಗು ಸರಿಮಾಡಿಕೊಂಡಳು.

"ಎತ್ತಕೊಳ್ಳಾಕ ಆಗಲಿಲ್ರಿ. ನನ್ನ ಮಗಳು ಛಂದ ಹಾಡಾಕತ್ತಾಳ, ನಡುವ ನಂದೇನು ಒದರೋದು ಅಂತ ಸುಮ್ಮ ಕುಂತೆ."

ಅವಳ ಮಾತಿನಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಹೆಮ್ಮೆಯಿತ್ತು. ನಾನು ನಾಚಿಕೆಯಿಂದ ಸತ್ತಂತಾದೆ.

"ನಿನ್ನ ನಖರಾ ಕೇಳಾಕ ಇವರು ಬಂದಿಲ್ಲ," ಎಂದರು ಮಾಸ್ತರರು. "ಹಡದವ್ವನ ಬಾಯಿ ಮುಚ್ಚಿಸೀದಿ. ಇದನ್ನ ನಾ ಕಲಿಸಿಲ್ಲ. ಏಳು, ಹಿಂದ ಹೋಗಿ ಕುಂದ್ರು."

ಓಣಿಯೆಲ್ಲ ನೋಡುತ್ತಿರುವಾಗ ಎದ್ದು ಹೋಗಿ ಅವ್ವನ ಪಕ್ಕ ಕೂತೆ.

ಆಮೇಲೆ ಕೆಲವು ಭಾನುವಾರ ಬಸ್ಸು ಹತ್ತಲಿಲ್ಲ. ತಲೆಕೆಟ್ಟ ಮುದುಕ ಎಂದು ಮನಸ್ಸಿನಲ್ಲೇ ಬೈದೆ. ಬದಿಗೆ ಕರೆದು ಹೇಳಬಹುದಿತ್ತು ಎಂದು ಈಗಲೂ ಅನ್ನಿಸುತ್ತದೆ. ಆದರೆ ಬದಿಗೆ ಕರೆದು ಹೇಳಿದ್ದರೆ ಹೌದ್ರಿ ಎಂದು ತಲೆ ಆಡಿಸಿ, ಮರುವಾರವೂ ಅದನ್ನೇ ಹಾಡುತ್ತಿದ್ದೆ. ನನ್ನನ್ನು ನಾನು ಬಲ್ಲೆ.

ಸೋಮವಾರ ಮಾತ್ರ ತಪ್ಪಿಸಲಿಲ್ಲ. ಹಿಂದೆ ಕೂತ ಮೇಲೆಯೇ ಗೊತ್ತಾದದ್ದು, ಮುಂದಿನವಳು ಸಾಲನ್ನು ಚೊಕ್ಕವಾಗಿ ಇಳಿಸಿ ಒಂದು ಉಸಿರಿನಷ್ಟು ಜಾಗ ಬಿಡದಿದ್ದರೆ ನಮಗೆ ಹಿಡಿಯಲು ಏನೂ ಸಿಗುವುದಿಲ್ಲ. ತಾನ ಕಲಿತ ನನಗೇ ಸಿಗುತ್ತಿರಲಿಲ್ಲ. ಅವ್ವನಿಗೆ ಹೇಗೆ ಸಿಕ್ಕೀತು?

ತಿರುಗಿ ಕಲ್ಯಾಣಕ್ಕೆ ಹೋದಾಗ ಮಾಸ್ತರರು ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಲಿಲ್ಲ. ಒಂದೇ ಸಾಲನ್ನು ಏನೂ ಸೇರಿಸದೆ ಹಾಡು ಎಂದರು. ಮಧ್ಯಾಹ್ನದವರೆಗೂ ಅದನ್ನೇ ಹಾಡಿಸಿದರು. ಎದ್ದು ಕಟ್ಟೆಗೆ ಹೋಗಲಿಲ್ಲ, ಅಷ್ಟೇ.

ಈಗ ಮತ್ತೆ ಮುಂದೆ ಕೂರುತ್ತೇನೆ, ಹಿಂದಿನವರ ಕಡೆ ಓರೆಯಾಗಿ ತಿರುಗಿ. ಕಣ್ಣು ಮುಚ್ಚುವುದಿಲ್ಲ. ಸಾಲು ಇಳಿಸಿ ಜಾಗ ಬಿಡುತ್ತೇನೆ, ಹಿಂದಿನ ದನಿಗಳು ಕೂಡಲೇ ಏಳುತ್ತವೆ. ಅವ್ವನ ದನಿ ಮಾತ್ರ ಒಂದು ಗಳಿಗೆ ತಡವಾಗಿ ಬರುತ್ತದೆ. ಮಗಳದು ಮುಗಿಯಿತೋ ಇಲ್ಲವೋ ಎಂದು ಅವಳು ಮೊದಲು ನನ್ನ ಮುಖ ನೋಡುತ್ತಾಳೆ.